ಡಬ್ಬಿಯ ಮೇಲಿನ ಶಿರ್ತಾಡಿ

ಮೂಡಬಿದ್ರಿಯ ಸಂಬಂಧಿಕರ ಮನೆಯಲ್ಲಿ ಸೀಮಂತದ ಊಟ ಮುಗಿದ ಮೇಲೆ, ಕೊಲಂಬೋದಿಂದ ರಜೆಗೆ ಬಂದಿದ್ದ ಆ ಮನೆಯ ಅಳಿಯ ತನ್ನ ಪೆಟ್ಟಿಗೆ ತೆರೆದು ಕೂತ. ಸೆಂಟು, ಸಾಬೂನು, ಬಣ್ಣದ ಕೊಡೆ ಎಲ್ಲ ಕೈಯಿಂದ ಕೈಗೆ ದಾಟಿದವು. ಕೊನೆಗೆ ಒಂದು ತಗಡಿನ ಡಬ್ಬಿ ಹೊರಗೆ ಬಂತು. "ಇದನ್ನು ನೋಡಿ. ಅಲ್ಲಿ ದೊಡ್ಡ ದೊಡ್ಡ ಮನೆಯವರು ಕೇಳಿ ತಕ್ಕೊಳ್ತಾರೆ" ಎಂದು ಅವನು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಡಬ್ಬಿಯ ಸುತ್ತ ಹಳದಿ ಕಾಗದ ಅಂಟಿಸಿತ್ತು. ಕಾಗದದ ಮೇಲೊಂದು ಹಲಸಿನ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಶಿರ್ತಾಡಿ ಹಪ್ಪಳ' ಎಂದಿತ್ತು.

ಶಿರ್ತಾಡಿಯ ಕಮಲಾವತಿ ಎದುರಿಗೇ ಕೂತಿದ್ದಳು. ಮೂಡಬಿದ್ರಿಯಿಂದ ಆಚೆಗೆ ಯಾರೂ ಕೇಳಿರದ ತನ್ನ ಊರಿನ ಹೆಸರು ಕಡಲು ದಾಟಿ ಹೋಗಿ, ಸೆಂಟಿನ ಪರಿಮಳ ಮೆತ್ತಿಕೊಂಡು ವಾಪಸು ಬಂದದ್ದನ್ನು ಕಂಡು ಅವಳ ಎದೆ ಉಬ್ಬಿತು. ಡಬ್ಬಿಯನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಇಬ್ರಾಹಿಂ ಖಲೀಲ್, ಬಂಟ್ವಾಳ ಪೇಟೆ' ಎಂದಿತ್ತು. ಉಬ್ಬಿದ ಎದೆ ಅಲ್ಲಿಗೇ ಇಳಿಯಿತು. ಬಂಟ್ವಾಳದಲ್ಲಿ ಕೂತು ಶಿರ್ತಾಡಿಯ ಹಪ್ಪಳ ಮಾಡುವವಳು ಈ ಜಗತ್ತಿನಲ್ಲಿ ಒಬ್ಬಳೇ ಇದ್ದಳು. ಅವಳು ಕಮಲಾವತಿಯ ತಂಗಿ ಅನಂತಮತಿ.

"ನಿಮ್ಮ ತಂಗಿ ಮಾಡಿದ್ದಂತಲ್ಲ! ಎಂಥ ಕೈ ಮಾರಾಯ್ತಿ ಅವಳದ್ದು" ಎಂದು ಮನೆಯಾಕೆ ಕರಿದ ಹಪ್ಪಳದ ತಟ್ಟೆಯನ್ನು ಮುಂದೆ ಹಿಡಿದಳು.

"ನನಗೆ ನಿಯಮ ಉಂಟು" ಎಂದು ಕಮಲಾವತಿ ತಟ್ಟೆಯನ್ನು ಆಚೆ ದೂಡಿದಳು.

ಆ ನಿಯಮದ ಕಥೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಮೂಡಬಿದ್ರಿಗೆ ಮುನಿಗಳು ಬಂದಿದ್ದಾಗ, ಬಸದಿಯಲ್ಲಿ ಹೆಂಗಸರು ಸಾಲಾಗಿ ನಿಂತು ಒಂದೊಂದು ಪದಾರ್ಥವನ್ನು ಬಿಡುವ ನಿಯಮ ತೆಗೆದುಕೊಂಡಿದ್ದರು. ಹೆಚ್ಚಿನವರು ತಮಗೆ ಹೇಗೂ ಸೇರದ್ದನ್ನೇ ಆರಿಸಿಕೊಂಡರು. ಹಾಗಲಕಾಯಿ ಬಿಟ್ಟವರೇ ನಾಲ್ಕೈದು ಮಂದಿ. ಕಮಲಾವತಿ ಮಾತ್ರ, ಬದುಕಿರುವ ತನಕ ಹಲಸಿನ ಹಪ್ಪಳವನ್ನು ನಾಲಗೆಗೆ ತಾಗಿಸುವುದಿಲ್ಲ ಎಂದಳು. ಹಪ್ಪಳವೆಂದರೆ ಅವಳಿಗೆ ಪ್ರಾಣ ಎಂದು ಊರಿಗೆಲ್ಲ ಗೊತ್ತಿತ್ತು. ಎಂಥ ತ್ಯಾಗ, ಎಂಥ ಮನಸ್ಸು ಎಂದು ಹೆಂಗಸರು ವಾರಗಟ್ಟಲೆ ಆಡಿಕೊಂಡರು.

ಮನಸ್ಸು ಎಂಥದ್ದೆಂದು ನಾನು ಹೇಳುತ್ತೇನೆ. ಆ ನಿಯಮಕ್ಕೆ ಸ್ವಲ್ಪ ದಿನ ಮೊದಲು, ಮಧ್ಯಾಹ್ನದ ಊಟಕ್ಕೆ ಕೂತಾಗ ಅವರ ಅಮ್ಮ ಒಂದು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡು, "ಅನಂತು ಕೈ ಹಾಕಿದ ಹಪ್ಪಳವೇ ಬೇರೆ" ಎಂದಿದ್ದರು. ಅಷ್ಟೇ. ತಂಗಿಯ ಕೈರುಚಿಯನ್ನು ತಾನೂ ತಿಂದು ತಲೆದೂಗಬೇಕಾದ ಪ್ರಸಂಗ ಜನ್ಮದಲ್ಲಿ ಬರಬಾರದೆಂದು ಕಮಲಾವತಿ ಕಂಡುಕೊಂಡ ದಾರಿ ಆ ನಿಯಮ. ಹೊಟ್ಟೆಕಿಚ್ಚು ಬಸದಿಯ ಮೆಟ್ಟಿಲು ಹತ್ತಿ ಹೋಗಿ ಧರ್ಮವಾಗಿ ಇಳಿದು ಬಂದಿತ್ತು. ಅಮ್ಮ ತೀರಿಕೊಂಡ ಮೇಲೂ ನಿಯಮ ಉಳಿಯಿತು, ಕಿಚ್ಚೂ ಉಳಿಯಿತು.

ಅನಂತಮತಿ ಬಂಟ್ವಾಳದ ಆದಿರಾಜನನ್ನು ಮದುವೆಯಾಗಿ ಅಲ್ಲಿಯೇ ಸಂಸಾರ ಮಾಡಿಕೊಂಡಿದ್ದಳು. ಆದರೆ ನಮ್ಮ ಕಡೆಯ ಜೈನರಲ್ಲಿ ಮನೆ, ಗದ್ದೆ, ಮನೆತನದ ಹೆಸರು ಎಲ್ಲವೂ ತಾಯಿಯಿಂದ ಮಗಳಿಗೆ ಇಳಿದು ಬರುತ್ತದೆ. ಮದುವೆಯಾಗಿ ಎಲ್ಲಿಗೆ ಹೋದರೂ ಹೆಣ್ಣಿಗೆ ತಾಯಿಮನೆಯೇ ಮನೆ. ಊರು ಯಾವುದೆಂದು ಕೇಳಿದರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಕಾಲದಲ್ಲಿಯೂ ಅವಳು ತಾಯಿಮನೆಯ ಊರನ್ನೇ ಹೇಳುತ್ತಾಳೆ. ಹಾಗಾಗಿ ಅನಂತಮತಿ ಪ್ರತಿ ವರ್ಷ ಬೇಸಗೆಯಲ್ಲಿ, ಹೊಸವರ್ಷದ ಬಿಸು ಹಬ್ಬಕ್ಕೆ ಶಿರ್ತಾಡಿಗೆ ಬಂದು, ಹಪ್ಪಳದ ಕೆಲಸ ಮುಗಿಯುವ ತನಕ ಅಲ್ಲಿಯೇ ಇರುತ್ತಿದ್ದಳು.

ಕಮಲಾವತಿಯ ಲೆಕ್ಕದಲ್ಲಿ ತಂಗಿ ಅಲ್ಲಿ ಮಾಡುತ್ತಿದ್ದ ಕೆಲಸ ಯಾವ ಮಹಾ ಕೆಲಸವೂ ಅಲ್ಲ. ಬಲಿತ ಹಲಸಿನಕಾಯಿ ಇಳಿಸುವುದು, ಕೈಗೆಲ್ಲ ಮೇಣ ಮೆತ್ತಿಕೊಂಡು ಸೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು, ಬಿಸಿ ಇರುವಾಗಲೇ ಒರಳಿಗೆ ಹಾಕಿ ಗುದ್ದುವುದು, ಉಂಡೆ ಕಟ್ಟಿ ಮಣೆಯ ನಡುವೆ ಒತ್ತುವುದು, ಚಾಪೆಯಲ್ಲಿ ಹರಡಿ ಕಾಗೆ ಕಾಯುವುದು ಇವೆಲ್ಲ ಕಮಲಾವತಿಯದೂ ಆಳು ಪೂವಮ್ಮನದೂ. ಅನಂತಮತಿ ಒರಳಿನ ಪಕ್ಕ ಕೂತು ಉಪ್ಪು ಖಾರ ಹಾಕಿ, ಬೆರಳಲ್ಲಿ ಅದ್ದಿ ನಾಲಗೆಗೆ ತಾಗಿಸಿ, ಕಣ್ಣು ಮುಚ್ಚಿ, "ಇನ್ನೊಂದು ಚಿಟಿಕೆ" ಎನ್ನುವಳು. ಇಲ್ಲವೆ "ಸಾಕು" ಎನ್ನುವಳು.

"ನಾವು ಸೊಂಟ ಮುರಿದುಕೊಳ್ಳುವುದು, ಇವಳು ಬೆರಳು ನೆಕ್ಕುವುದು. ಹೆಸರು ಮಾತ್ರ ನೆಕ್ಕಿದವಳಿಗೆ" ಎಂದು ಕಮಲಾವತಿ ಪೂವಮ್ಮನ ಹತ್ತಿರ ಎಷ್ಟು ಸಲ ಹೇಳಿದ್ದಳೋ. ಪೂವಮ್ಮ ಎರಡೂ ಕಡೆಯ ಅನ್ನ ತಿನ್ನುವವಳು. ತಲೆ ಅಲ್ಲಾಡಿಸಿ ಇನ್ನೊಂದು ಸೊಳೆ ಬಿಡಿಸುತ್ತಿದ್ದಳು.

ಈಗ ನೋಡಿದರೆ ಆ ಬೆರಳು ಕೊಲಂಬೋದ ತನಕ ಹೋಗಿತ್ತು.

ಸೀಮಂತದಿಂದ ಬಂದ ಕಮಲಾವತಿಗೆ ಊಟ ಸೇರಲಿಲ್ಲ. ಹಪ್ಪಳ ಮಾರಿದ್ದಕ್ಕೆ ಅವಳಿಗೆ ಉರಿಯಲಿಲ್ಲ. ತಾನು ಹುಟ್ಟಿ ಬೆಳೆದು, ಕಸ ಗುಡಿಸಿ, ದೀಪ ಹಚ್ಚಿ ಕಾದುಕೊಂಡ ಊರಿನ ಹೆಸರನ್ನು, ಬಿಟ್ಟು ಹೋದವಳು ಎತ್ತಿಕೊಂಡು ಮೆರೆಸುತ್ತಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ನಾಳೆ ಯಾರಾದರೂ ಶಿರ್ತಾಡಿ ಎಂದರೆ 'ಓ, ಅನಂತಮತಿಯ ಊರು' ಎನ್ನುತ್ತಾರೆ. ಆಗ ಕಮಲಾವತಿ ಯಾವ ಊರಿನವಳಾಗಬೇಕು?

ಶನಿವಾರ ತಮ್ಮ ಚಂದ್ರರಾಜ ಮಂಗಳೂರಿನಿಂದ ಬಂದ. ಅವನು ಅಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಕಾನೂನು ಓದಿದವನಲ್ಲ, ಆದರೆ ಕಾನೂನಿನ ಗಾಳಿ ಸೋಕಿದವನು. ಅದೇ ದೊಡ್ಡ ಅಪಾಯ.

"ಒಂದು ಊರಿನ ಹೆಸರನ್ನು ಬೇರೆ ಊರಿನಲ್ಲಿ ಮಾಡಿದ್ದಕ್ಕೆ ಹಾಕಲಿಕ್ಕೆ ಆಗ್ತದಾ ಚಂದ್ರ?" ಎಂದು ಕಮಲಾವತಿ ಬಡಿಸುತ್ತಾ ಕೇಳಿದಳು.

"ನಮ್ಮಲ್ಲಿ ಯಾರು ಕೇಳ್ತಾರೆ? ಯುರೋಪಿನಲ್ಲಾದರೆ ಆಗುವುದಿಲ್ಲ" ಎಂದು ಚಂದ್ರರಾಜ ಹುರುಪಿನಿಂದ ನೆಟ್ಟಗೆ ಕೂತ. "ಹೋದ ವರ್ಷ ಪೋರ್ಚುಗಲ್ಲಿನ ಲಿಸ್ಬನ್ ಅಂತ ಒಂದು ಊರಿನಲ್ಲಿ ಸುಮಾರು ದೇಶದವರು ಸೇರಿ ಒಪ್ಪಂದ ಮಾಡಿಕೊಂಡಿದ್ದಾರೆ. ನಮ್ಮ ವಕೀಲರು ಓದಿ ಹೇಳಿದರು. ಒಂದು ತಿನಿಸಿಗೆ ಅದರ ಊರಿನ ನೆಲ, ನೀರು, ಅಲ್ಲಿಯ ಜನರ ಕೈಯಿಂದ ಗುಣ ಬಂದಿದ್ದರೆ, ಆ ಹೆಸರು ಆ ಊರಿನವರಿಗೇ. ಬೇರೆ ಕಡೆ ಮಾಡಿ ಆ ಹೆಸರು ಹಾಕುವ ಹಾಗಿಲ್ಲ. 'ಆ ತರಹದ್ದು', 'ಆ ಮಾದರಿಯದ್ದು' ಅಂತ ಸೇರಿಸಿ ಜಾರಿಕೊಳ್ಳಲಿಕ್ಕೂ ಇಲ್ಲ."

"ಎಂಥ ತಿನಿಸಿಗೆ ಇದೆಲ್ಲ?"

"ದ್ರಾಕ್ಷಿ ಮದ್ಯಕ್ಕೆ. ಮತ್ತೆ, ಬೂಷ್ಟು ಬಂದ ಚೀಸಿಗೆ."

"ಬೂಷ್ಟು ಬಂದದ್ದಾ?"

"ಬೂಷ್ಟು ಬಂದದ್ದಕ್ಕೇ ಅಕ್ಕ ಅಷ್ಟು ಹೆಸರು."

ಕಮಲಾವತಿ ಸೌಟನ್ನು ಕೆಳಗಿಟ್ಟಳು. "ಹೆಂಡಕ್ಕೂ ಬೂಷ್ಟಿಗೂ ಅಷ್ಟು ಮರ್ಯಾದೆ ಇರುವಾಗ ನಮ್ಮ ಹಪ್ಪಳಕ್ಕೆ ಎಷ್ಟಿರಬೇಡ!"

"ಆದರೆ ಆ ಒಪ್ಪಂದಕ್ಕೆ ನಮ್ಮ ದೇಶ ರುಜು ಹಾಕಿಲ್ಲ."

"ದೇಶ ಹಾಕದಿದ್ದರೆ ಬಿಡಲಿ. ನಾನು ಹಾಕಿದ್ದೇನೆ ಅಂತ ತಿಳಿ. ಸೋಮವಾರ ಬೆಳಿಗ್ಗೆ ಬಂಟ್ವಾಳಕ್ಕೆ ಹೋಗುವ" ಎಂದು ಅವಳು ತೀರ್ಮಾನ ಕೊಟ್ಟಳು. ಚಂದ್ರರಾಜನಿಗೆ ತಾನು ಬಾಯಿ ಬಿಟ್ಟದ್ದು ಹೆಚ್ಚಾಯಿತೆಂದು ಆಗ ಹೊಳೆಯಿತು.

ಇಬ್ರಾಹಿಂ ಖಲೀಲನ ಅಂಗಡಿ ಬಂಟ್ವಾಳದ ಪೇಟೆಯಲ್ಲಿ ಹೊಳೆಯ ಬದಿಗಿತ್ತು. ಅಡಿಕೆ, ಕಾಳುಮೆಣಸು, ಕೊಬ್ಬರಿ ಕೊಂಡು ಮಂಗಳೂರಿನ ಹಡಗಿಗೆ ಕಳಿಸುವ ವ್ಯಾಪಾರ ಅವನದು. ಕೊಲಂಬೋದಲ್ಲಿ ಅವನ ತಮ್ಮ ಹನೀಫಾ ಅಂಗಡಿ ಇಟ್ಟುಕೊಂಡಿದ್ದ. ಪಕ್ಕದ ಒಣಮೀನಿನ ಅಂಗಡಿಯ ವಾಸನೆಗೆ ಕಮಲಾವತಿ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಒಳಗೆ ಬಂದಳು. ಇಬ್ರಾಹಿಂ ಎದ್ದು ನಿಂತು ಕುರ್ಚಿ ಹಾಕಿಸಿದ. ಚಹಾ ಕುಡಿಯುವವರಲ್ಲವೆಂದು ತಿಳಿದು ಎಳನೀರಿನ ಬೊಂಡ ತರಿಸಿದ.

ಕಮಲಾವತಿ ಬೊಂಡ ಮುಟ್ಟದೆ ಲಿಸ್ಬನ್ನಿನ ಸಂಗತಿ ಹೇಳಿದಳು. ನಡುನಡುವೆ ತಪ್ಪಿದ್ದನ್ನು ಚಂದ್ರರಾಜ ತಿದ್ದಿದ. ದೇಶ ರುಜು ಹಾಕದ ಭಾಗವನ್ನು ಇಬ್ಬರೂ ಬಿಟ್ಟರು.

ಇಬ್ರಾಹಿಂ ಪೂರ್ತಿ ಕೇಳಿದ. "ಅಮ್ಮ, ಆ ಹೆಸರಿನಲ್ಲಿ ನನ್ನ ಬುದ್ಧಿ ಎಂತದೂ ಇಲ್ಲ. ನಾನು ಬಂಟ್ವಾಳ ಹಪ್ಪಳ ಅಂತ ಹಾಕುವ ಅಂದದ್ದು. ಬಂಟ್ವಾಳ ಅಂದರೆ ಅಲ್ಲಿ ನಾಲ್ಕು ಜನಕ್ಕೆ ಗೊತ್ತುಂಟು. ಶಿರ್ತಾಡಿ ಯಾರಿಗೆ ಗೊತ್ತುಂಟು ಹೇಳಿ? ನಿಮ್ಮ ತಂಗಿ ಒಪ್ಪಲೇ ಇಲ್ಲ. ನನ್ನ ಊರು ಶಿರ್ತಾಡಿ, ನಾನು ಮಾಡಿದ ಹಪ್ಪಳದ ಊರೂ ಅದೇ, ಬೇರೆ ಹೆಸರು ಹಾಕುವುದಾದರೆ ನಾನು ಮಾಡುವುದೇ ಇಲ್ಲ ಅಂದರು."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಕರಗಿ ನೀರಾಗಿ ಬೊಂಡ ಕುಡಿದು ಮನೆಗೆ ಹೋಗುತ್ತಿದ್ದರು. ಕಮಲಾವತಿಗೆ ಇನ್ನೂ ಉರಿಯಿತು. ಎಲ್ಲಿ ಹೋದರೂ ಒಳ್ಳೆಯವಳು ಎನ್ನಿಸಿಕೊಳ್ಳುವ ಕಲೆ ಇವಳಿಗೆ! ನನ್ನ ಊರಿನ ಹೆಸರನ್ನು ದಾನ ಮಾಡಲಿಕ್ಕೆ ಇವಳು ಯಾರು?

"ಊರಿನಲ್ಲಿರುವವಳು ನಾನು. ಬೇಡ ಅಂತ ಹೇಳ್ತಾ ಇದ್ದೇನೆ" ಎಂದಳು.

"ಊರಿನವರು ಬೇಡ ಅಂದ ಮೇಲೆ ಅವರ ಹಪ್ಪಳಕ್ಕೆ ಆ ಹೆಸರು ನಾನು ಹಾಕುವುದಿಲ್ಲ ಅಮ್ಮ. ಕಾನೂನು ಇರಲಿ, ಬಿಡಲಿ. ಈ ವರ್ಷ ಶಿರ್ತಾಡಿ ಡಬ್ಬಿಗೆ ನಿಮ್ಮ ಮನೆಯ ಹಪ್ಪಳವನ್ನೇ ತುಂಬಿಸ್ತೇನೆ. ತಂಗಿಯ ಹತ್ತಿರ ಒಂದು ಮಾತು ನೀವೇ ಹೇಳಿ. ನನ್ನ ಬಾಯಿಯಿಂದ ಬೇಡ."

ಅಲ್ಲಿಂದ ತಂಗಿಯ ಮನೆಗೆ ಹೋದಾಗ ಅನಂತಮತಿ ಅಂಗಳದಲ್ಲಿ ಚಾಪೆ ಹಾಸುತ್ತಿದ್ದಳು. ಅಕ್ಕನನ್ನೂ ತಮ್ಮನನ್ನೂ ಕಂಡು ಚಾಪೆಯನ್ನು ಅಲ್ಲಿಯೇ ಬಿಟ್ಟು ಓಡಿ ಬಂದಳು. "ಹೇಳಿ ಕಳಿಸಬಾರದಿತ್ತಾ ಅಕ್ಕ? ಊಟ ಮಾಡಿಯೇ ಹೋಗಬೇಕು" ಎಂದು ಕೈ ಹಿಡಿದಳು. ಕಮಲಾವತಿ ಕೈ ಬಿಡಿಸಿಕೊಂಡು, ನಿಂತಲ್ಲಿಯೇ ಎಲ್ಲವನ್ನೂ ಒದರಿದಳು.

ಅನಂತಮತಿಗೆ ಲಿಸ್ಬನ್ ಅರ್ಥವಾಗಲಿಲ್ಲ. ಅಕ್ಕನ ಮುಖ ಅರ್ಥವಾಯಿತು. "ಶಿರ್ತಾಡಿ ಮಾದರಿ ಅಂತ ಹಾಕಿದರೆ ಆಗ್ತದಾ?" ಎಂದು ಕೇಳಿದಳು.

"ಮಾದರಿಯೂ ಆಗುವುದಿಲ್ಲ. ಅದನ್ನೂ ಒಪ್ಪಂದದಲ್ಲಿ ಹೇಳಿದ್ದಾರೆ. ಕೇಳು ಬೇಕಾದರೆ ಚಂದ್ರನ ಹತ್ತಿರ. ಹಲಸು ಬಂಟ್ವಾಳದ್ದು, ನೀರು ಬಂಟ್ವಾಳದ್ದು, ಬಿಸಿಲು ಬಂಟ್ವಾಳದ್ದು. ಶಿರ್ತಾಡಿ ಎಲ್ಲಿಂದ ಬಂತು?"

"ಮಾಡುವವಳು ಶಿರ್ತಾಡಿಯವಳಲ್ಲವಾ ಅಕ್ಕ?"

ಚಂದ್ರರಾಜ ಬಾಯಿ ತೆರೆದ. ನೆಲ, ನೀರಿನ ಜೊತೆಗೆ ಜನರ ಕೈ ಎಂದೂ ಆ ಒಪ್ಪಂದದಲ್ಲಿ ಇರುವುದು ಅವನಿಗೆ ನೆನಪಿತ್ತು. ಕಮಲಾವತಿ ಅವನಿಗೆ ಎಡೆ ಕೊಡಲಿಲ್ಲ.

"ಎಲ್ಲಿ ಮಾಡಿದ್ದೋ ಅದೇ ಅದರ ಊರು. ಮಾಡಿದವಳದ್ದೂ ಅದೇ ಊರು" ಎಂದಳು.

"ಹಾಗಾದರೆ ಬಿಸುವಿಗೆ ನಾನು ಹಪ್ಪಳಕ್ಕೆ ಬರುವುದು?"

"ಹಪ್ಪಳಕ್ಕೆ ಅಂತ ಬರಬೇಡ. ನೆಂಟರ ಹಾಗೆ ಬಂದು ಹೋಗು."

ತಾಯಿಮನೆಯಲ್ಲಿ ಹೆಣ್ಣುಮಗಳನ್ನು ನೆಂಟರು ಎನ್ನುವುದಕ್ಕಿಂತ ದೊಡ್ಡ ಮಾತು ನಮ್ಮಲ್ಲಿ ಇಲ್ಲ. ಬೈದರೆ ಮರೆಯಬಹುದು, ಹೊಡೆದರೂ ಮರೆಯಬಹುದು. ಚಂದ್ರರಾಜ ತಲೆ ತಗ್ಗಿಸಿ ಅರ್ಧ ಹಾಸಿದ ಚಾಪೆಯನ್ನು ನೋಡುತ್ತಾ ನಿಂತ. ಅನಂತಮತಿ ಅಳಲಿಲ್ಲ. "ಆಯ್ತು ಅಕ್ಕ" ಎಂದಳು. ಊಟ ಮಾಡಿ ಹೋಗಿ ಎಂದು ಎರಡನೆಯ ಸಲ ಹೇಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಸಿದ್ದಕಟ್ಟೆ ದಾಟುವ ತನಕ ಕಮಲಾವತಿಯ ಮುಖ ಅರಳಿಯೇ ಇತ್ತು. ಗೆದ್ದಿದ್ದಳು. ಶಿರ್ತಾಡಿ ಈಗ ಅವಳೊಬ್ಬಳದೇ.

ಆ ವರ್ಷದ, ಅಂದರೆ ಸಾವಿರದ ಒಂಬೈನೂರ ಐವತ್ತೊಂಬತ್ತರ, ಬಿಸು ಕಳೆದ ಮೇಲೆ ಶಿರ್ತಾಡಿಯ ಅಂಗಳದಲ್ಲಿ ಎಂದೂ ಇಲ್ಲದಷ್ಟು ಚಾಪೆಗಳು ಬಿದ್ದವು. ಚಾರ್ಮಾಡಿ ಘಾಟಿಯ ಕಡೆಯಿಂದ ಮೋಡ ಏಳುವ ಮೊದಲು ಮುಗಿಸಬೇಕೆಂದು ಕಮಲಾವತಿ ಬೆಳಕು ಹರಿಯುವಾಗಲೇ ಒರಳಿನ ಮುಂದೆ ಕೂರುತ್ತಿದ್ದಳು. ಕೆಲಸಕ್ಕೆ ಅವಳು ಎಂದೂ ಹಿಂದೆ ಬಿದ್ದವಳಲ್ಲ. ಸೊಳೆ ಬೆಂದಿತು, ಗುದ್ದಿದ್ದು ನುಣ್ಣಗಾಯಿತು. ಉಪ್ಪು ಹಾಕಿದಳು. ಹಾಕಿದ ಮೇಲೆ ಕೈ ನಿಂತಿತು.

ಒರಳಿನ ಪಕ್ಕ ಬೆರಳು ಅದ್ದುವವರು ಯಾರೂ ಇರಲಿಲ್ಲ.

ಕೈ ಸಾಗುವ ತನಕ ಅಮ್ಮ ನೋಡುತ್ತಿದ್ದರು. ಆಮೇಲೆ ಪ್ರತಿ ವರ್ಷ ಅನಂತು ನೋಡುತ್ತಿದ್ದಳು. ಕಮಲಾವತಿಗೆ ನಿಯಮ. ನಾಲಗೆಯ ತುದಿಗೆ ತಾಗಿಸಿದರೂ ನಿಯಮ ಮುರಿದ ಹಾಗೆಯೇ. ಅಳತೆ ಇಟ್ಟುಕೊಂಡು ಹಾಕೋಣವೆಂದರೆ ಹಲಸಿನ ಮರ ಅಳತೆಗೆ ಬಗ್ಗುವುದಿಲ್ಲ. ಒಂದು ಮರದ ಕಾಯಿ ಉಪ್ಪು ನುಂಗಿ ಸುಮ್ಮನಿರುತ್ತದೆ, ಮತ್ತೊಂದರದು ಎತ್ತಿ ತೋರಿಸುತ್ತದೆ.

"ನೀನು ನೋಡು ಪೂವಮ್ಮ" ಎಂದಳು.

ಪೂವಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ಬಾಯಿ ಚಪ್ಪರಿಸಿದಳು. "ಒಳ್ಳೆಯದುಂಟು ಅಕ್ಕ. ಉಪ್ಪು ಸರೀ ಉಂಟು."

ಅವಳು ಹೇಳಿದ್ದು ಸುಳ್ಳಲ್ಲ. ಅಮ್ಮನಿಗೂ ಅನಂತುವಿಗೂ ಗೊತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ಹಿಟ್ಟಿನಲ್ಲಿ ಉಪ್ಪು ಸರಿ ಎನ್ನಿಸಿದರೆ, ಒಣಗಿದ ಮೇಲೆ ಹೆಚ್ಚಾಗುತ್ತದೆ. ಹಿಟ್ಟಿನಲ್ಲಿ ಒಂದಿಷ್ಟು ಸಪ್ಪೆ ಎನ್ನಿಸುವಾಗಲೇ ಕೈ ಬಿಡಬೇಕು. ಎಷ್ಟು ಸಪ್ಪೆ ಎನ್ನುವುದು ಆ ಮರದ ಕಾಯಿಗೆ ಮತ್ತು ನಾಲಗೆಗೆ ಬಿಟ್ಟದ್ದು. ಕಮಲಾವತಿಗೆ ಅದು ಒಂದು ಕಾಲದಲ್ಲಿ ತಿಳಿದಿರಲೂಬಹುದು. ನಾಲಗೆಯನ್ನು ಬಸದಿಯಲ್ಲಿ ಬಿಟ್ಟು ಬಂದ ಮೇಲೆ ಹಪ್ಪಳದ ವಿಷಯವನ್ನು ಅವಳು ಕೈಯಿಂದ ಮಾತ್ರ ಬಲ್ಲಳು.

ಚಾಪೆಗಳನ್ನೆಲ್ಲ ಎತ್ತಿದ ಮೇಲಿನ ಶನಿವಾರ ಚಂದ್ರರಾಜ ಮೊದಲ ಹಪ್ಪಳ ತಿಂದ. ಎದ್ದು ಹೋಗಿ ಒಂದು ಚೆಂಬು ನೀರು ಕುಡಿದು ಬಂದ.

"ಹೇಗುಂಟು?"

"ಗರಿಗರಿ ಉಂಟು" ಎಂದು ಮತ್ತೆ ನೀರಿಗೆ ಎದ್ದ.

ಕಮಲಾವತಿ ಅದನ್ನು ನೋಡಿದಳು. ನೋಡಿಯೂ ಬಿಸಿಲು ಜೋರು, ಬಾಯಾರಿಕೆ ಎಂದುಕೊಂಡಳು. ಹಪ್ಪಳ ಆಗಲೇ ಬಂಟ್ವಾಳಕ್ಕೆ ಹೋಗಲು ಕಟ್ಟಿ ಆಗಿತ್ತು. ಅನಂತುವನ್ನು ಕರೆಸಬಹುದಿತ್ತು. ಕರೆಸುವುದಕ್ಕಿಂತ ಅವಳು ಆ ಉಪ್ಪನ್ನೆಲ್ಲ ತಾನೇ ತಿಂದುಬಿಡುತ್ತಿದ್ದಳು, ನಿಯಮ ಇಲ್ಲದಿದ್ದರೆ.

ಮಳೆಗಾಲ ಮುಗಿದು ದೀಪಾವಳಿಯ ಹೊತ್ತಿಗೆ ಇಬ್ರಾಹಿಂ ಖಲೀಲ್ ಬೆಳ್ತಂಗಡಿಗೆ ಅಡಿಕೆ ನೋಡಲು ಬಂದವನು, ದಾರಿ ಸುತ್ತಿ ಶಿರ್ತಾಡಿಗೂ ಬಂದ. ಜಗಲಿಯ ತುದಿಯಲ್ಲಿ ಕೂತು, ಮನೆಯವರ ಕ್ಷೇಮ ಕೇಳಿ, ಬೆಳೆಯ ವಿಷಯ ಮಾತಾಡಿ, ಕೊನೆಗೆ ಹೇಳಿದ. "ಅಮ್ಮ, ಬೇಸರ ಮಾಡಬೇಡಿ. ಮುಂದಿನ ವರ್ಷ ಶಿರ್ತಾಡಿ ಡಬ್ಬಿ ಬೇಡ ಅಂತ ಹನೀಫಾ ಹೇಳಿ ಕಳಿಸಿದ್ದಾನೆ. ಅಲ್ಲಿಯ ಗಿರಾಕಿಗಳು ಮೊದಲು ಹೆಸರು ನೋಡಿ ಓಡಿ ಬಂದರಂತೆ. ಒಂದು ಸಲ ಕೊಂಡವರು ಮತ್ತೆ ಬರಲಿಲ್ಲವಂತೆ. ಸ್ವಲ್ಪ ಉಪ್ಪು ಮುಂದೆ ಹೋಗಿದೆ."

"ಅವಳದ್ದು?" ಎಂದು ಕಮಲಾವತಿ ಕೇಳಿದಳು.

ಇಬ್ರಾಹಿಂ ಹೆಗಲ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡ. "ಅವರದ್ದು ಬಂಟ್ವಾಳ ಹಪ್ಪಳ ಅಂತ ಬೇರೆ ಡಬ್ಬಿಯಲ್ಲಿ ಹೋಗಿದೆ. ಅದನ್ನು ಕೇಳ್ತಾ ಇದ್ದಾರೆ."

ಅಂದಿನಿಂದ ಕಮಲಾವತಿಗೆ ಒಂದೇ ಚಿಂತೆ. ಹೆಸರು ಕೈಯಲ್ಲಿತ್ತು, ಆದರೆ ಆ ಹೆಸರಿನ ಹಪ್ಪಳ ಯಾರಿಗೂ ಬೇಡವಾಗಿತ್ತು. ಇನ್ನೆರಡು ವರ್ಷ ಹೀಗೆಯೇ ಹೋದರೆ ಶಿರ್ತಾಡಿಯಲ್ಲಿ ಹಪ್ಪಳ ಇತ್ತೆಂಬುದೇ ಜನಕ್ಕೆ ಮರೆತು ಹೋಗುತ್ತದೆ, ಅಮ್ಮನ ಹಪ್ಪಳ ಬಂಟ್ವಾಳದ್ದೆಂದು ನಿಲ್ಲುತ್ತದೆ. ಕೊನೆಗೆ ಮರುವರ್ಷದ ಬಿಸು ಹತ್ತಿರ ಬರುವಾಗ ಹಟ ಸ್ವಲ್ಪ ಕೆಳಗಿಳಿಯಿತು. ಹೋಗಿ ಕರೆಯುವುದು, ಬಾ ಎಂದರೆ ಅನಂತು ಓಡಿ ಬರುತ್ತಾಳೆ, ಬಂದು ಒರಳಿನ ಪಕ್ಕ ಕೂತು ಬೆರಳು ಅದ್ದಲಿ. ಶಿರ್ತಾಡಿಯಲ್ಲಿ ಕೂತು ಮಾಡಿದರೆ ಶಿರ್ತಾಡಿಯದೇ ಆಯಿತಲ್ಲ, ಲಿಸ್ಬನ್ನಿನವರೂ ಏನೂ ಹೇಳುವ ಹಾಗಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಳು. ಕ್ಷಮಿಸು ಎಂಬುದು ಅದರಲ್ಲಿ ಇರಲಿಲ್ಲ. ಅಷ್ಟು ದೂರ ಅವಳು ಹೋಗುವವಳಲ್ಲ.

ಅನಂತಮತಿಯ ಮನೆಯ ಜಗಲಿಯಲ್ಲಿ ಇಬ್ಬರು ಗಂಡಸರು ಕೂತಿದ್ದರು. ಒಬ್ಬ ಇಬ್ರಾಹಿಂ ಖಲೀಲ್. ಇನ್ನೊಬ್ಬ ಬಿಳಿ ಪ್ಯಾಂಟು ಹಾಕಿದವನು, ಕೊಲಂಬೋದಿಂದ ಊರಿಗೆ ಬಂದ ಅವನ ತಮ್ಮ ಹನೀಫಾ. ತಾನು ಮಾರುವ ಹಪ್ಪಳ ಮಾಡುವವರನ್ನು ಒಮ್ಮೆ ನೋಡಬೇಕೆಂದು ಬಂದಿದ್ದನಂತೆ. ಅನಂತಮತಿ ಅಕ್ಕನನ್ನು ಕಂಡು ಎದ್ದಳು. ಒಂದು ಚಾಪೆ ತಂದು ಹಾಸಿ, "ಕೂತುಕೊಳ್ಳಿ" ಎಂದಳು. ನೆಂಟರಿಗೆ ಹೇಳುವ ಹಾಗೆ. ಕಮಲಾವತಿ ಕೂತಳು.

ಹನೀಫಾ ಮಾತು ಮುಂದುವರಿಸಿದ. "ಅಲ್ಲಿ ನಮ್ಮ ಊರಿನ ಕಡೆಯವರು ಬಹಳ ಜನ ಇದ್ದಾರಮ್ಮ. ಹಪ್ಪಳ ತಿಂದ ಕೂಡಲೇ ಮಾಡಿದವರು ಯಾವ ಊರಿನವರು ಅಂತ ಕೇಳ್ತಾರೆ. ನಿಮ್ಮ ಊರು ಯಾವುದು ಅಂತ ಹೇಳಲಿ?"

ಕಮಲಾವತಿಯ ಕಿವಿ ನೆಟ್ಟಗಾಯಿತು. ಈಗ ಶಿರ್ತಾಡಿ ಎನ್ನುತ್ತಾಳೆ. ಊರು ಕೇಳಿದರೆ ಅವಳು ಬೇರೆ ಏನೂ ಹೇಳಿದವಳೇ ಅಲ್ಲ. ಹೇಳಲಿ, ಈ ಒಂದು ಸಲ ನಾನೂ ಸುಮ್ಮನಿರುತ್ತೇನೆ ಎಂದು ಕಾದಳು.

ಅನಂತಮತಿ ಅಕ್ಕನ ಕಡೆಗೆ ಒಮ್ಮೆ ನೋಡಿದಳು.

"ಬಂಟ್ವಾಳ" ಎಂದಳು.

"ಸುಳ್ಳು!" ಕಮಲಾವತಿ ಎದ್ದು ನಿಂತಿದ್ದಳು. ಏಳಬೇಕೆಂದು ಎದ್ದದ್ದಲ್ಲ. "ಸುಳ್ಳು ಹೇಳ್ತಾಳೆ ಅವಳು. ಅವಳದ್ದು ಶಿರ್ತಾಡಿ. ನಮ್ಮ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು ಬಂಟ್ವಾಳದವಳು ಹೇಗೆ ಆಗ್ತಾಳೆ?"

ಹನೀಫಾ ಅಣ್ಣನ ಮುಖ ನೋಡಿದ. ಇಬ್ರಾಹಿಂ ಅಂಗಳ ನೋಡಿದ.

"ನೀನೇ ಹೇಳಿದ್ದಲ್ಲವಾ ಅಕ್ಕ" ಎಂದಳು ಅನಂತಮತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಮಲಾವತಿಗೆ ಎಷ್ಟೋ ಹಗುರವಾಗುತ್ತಿತ್ತು. "ಎಲ್ಲಿ ಮಾಡಿದ್ದೋ ಅದೇ ಊರು, ಮಾಡಿದವಳದ್ದೂ ಅದೇ ಅಂತ. ಮೊದಮೊದಲು ಬಾಯಿಗೆ ಬರುತ್ತಿರಲಿಲ್ಲ. ಈಗ ಅಭ್ಯಾಸ ಆಯಿತು."

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತನ್ನು ಕಮಲಾವತಿ ಅಲ್ಲಿಗೇ ಬಿಟ್ಟಳು. ಬಾ ಎಂದು ಕರೆಯುವುದಾದರೂ ಯಾರನ್ನು? ಬಂಟ್ವಾಳದ ಹೆಂಗಸೊಬ್ಬಳನ್ನು ಶಿರ್ತಾಡಿಯ ಹಪ್ಪಳದ ಉಪ್ಪು ನೋಡಲಿಕ್ಕೆ ಕರೆಯುವುದೆಂದರೆ ಎಂಥ ಮಾತು? ನೀರು ಕುಡಿದಳು. ಮನೆಯ ಕಡೆ ಎಲ್ಲ ಕ್ಷೇಮವೆಂದಳು. ಹೊರಡುವಾಗ ಅನಂತಮತಿ ಒಳಗೆ ಹೋಗಿ ಒಂದು ಡಬ್ಬಿ ತಂದು ಅವಳ ಕೈಗೆ ಕೊಟ್ಟಳು.

"ಮನೆಯವರಿಗೆ ಕೊಡಿ. ಬಂದ ನೆಂಟರು ಬರಿಗೈಯಲ್ಲಿ ಹೋಗಬಾರದು."

ಆ ಶನಿವಾರ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಚಂದ್ರರಾಜ ಕೂತಿದ್ದ. ಕಮಲಾವತಿ ಎಣ್ಣೆ ಕಾಯಿಸಿ, ತಂಗಿಯ ಡಬ್ಬಿ ತೆರೆದು, ಒಂದೊಂದೇ ಹಪ್ಪಳ ಬಿಟ್ಟಳು. ಅವು ಎಣ್ಣೆಯಲ್ಲಿ ಹೂವಿನ ಹಾಗೆ ಅರಳಿದವು. ಪೂವಮ್ಮನಿಗೆ ಎರಡು ಕೊಟ್ಟು, ಉಳಿದದ್ದನ್ನು ತಮ್ಮನ ಎಲೆಗೆ ಹಾಕಿದಳು. ಹಪ್ಪಳ ಮುರಿಯುವ ಸದ್ದು ಅಡುಗೆಮನೆಯ ತನಕ ಕೇಳಿತು. ಚಂದ್ರರಾಜ ನೀರಿಗೆ ಏಳಲಿಲ್ಲ.

"ಹೇಗುಂಟು?" ಎಂದು ಅವಳು ಒಲೆಯ ಮುಂದಿನಿಂದ ಕೇಳಿದಳು.

ಸುಳ್ಳು ಹೇಳಿಬಿಡಲೇ ಎಂದು ಅವನಿಗೆ ಅನ್ನಿಸಿರಬೇಕು. ಬಾಯಲ್ಲಿ ಹಪ್ಪಳವಿತ್ತು.

"ಅಮ್ಮ ಮಾಡಿದ ಹಾಗೆಯೇ ಉಂಟು ಅಕ್ಕ" ಎಂದ.

ಕಮಲಾವತಿ ಡಬ್ಬಿಯನ್ನು ಎತ್ತಿ ನೋಡಿದಳು. ಅದೇ ಹಳದಿ ಕಾಗದ, ಅದೇ ಹಲಸಿನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 'ಬಂಟ್ವಾಳ ಹಪ್ಪಳ'. ಒಳಗೆ ಇನ್ನೂ ಹಪ್ಪಳವಿತ್ತು. ಅಮ್ಮನ ರುಚಿ ಇದ್ದದ್ದು ಅದೊಂದರಲ್ಲಿಯೇ, ಅದನ್ನು ತಿನ್ನಲಾಗದವಳು ಆ ಮನೆಯಲ್ಲಿ ಅವಳೊಬ್ಬಳೇ. ಜನ್ಮದಲ್ಲಿ ಮೊದಲ ಸಲ ಅವಳಿಗೆ ತಂಗಿಯ ಮೇಲೆ ಅಲ್ಲ, ಅಂಗಳದಲ್ಲಿ ಕೂತು ಹಪ್ಪಳ ತಿನ್ನುತ್ತಿದ್ದ ಪೂವಮ್ಮನ ಮೇಲೆ ಹೊಟ್ಟೆಕಿಚ್ಚಾಯಿತು.